ಎಡಗೈಯಲ್ಲಿ ಅಕ್ಕನ ಗಾಳ

ಅಟ್ಟದಿಂದ ಗಾಳದ ಕೋಲುಗಳನ್ನು ಇಳಿಸಿದವಳು ನನ್ನ ಮಗಳು. ಹನ್ನೆರಡು ವರ್ಷದವಳು, ರಜೆಯಲ್ಲಿ ಅಜ್ಜಿಯ ಮನೆಗೆ ಹೋದರೆ ಒಂದು ಡಬ್ಬಿಯನ್ನೂ ಮುಚ್ಚಿದ ಹಾಗೆ ಬಿಡುವವಳಲ್ಲ. ಸಂಜೆ ಕೆಲಸ ಮುಗಿಸಿ ಅವಳನ್ನು ಕರೆತರಲು ಹೋದಾಗ ನಡುಮನೆಯಲ್ಲಿ ಹಳೆಯ ಚಾದರ ಹಾಸಿತ್ತು. ಅದರ ಮೇಲೆ ಎರಡು ಕೋಲು ಬಿದ್ದಿದ್ದವು. ಮೂರನೆಯದನ್ನು ಅಮ್ಮ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

"ಮಮ್ಮೀ, ಭಾನುವಾರ ಕೆರೆಗೆ ಹೋಗ್ತಿದೀವಿ," ಎಂದಳು ಮಗಳು. "ಅಜ್ಜಿ ಒಪ್ಪಿಯಾಯ್ತು. ನೀನು ಒಪ್ಪದಿದ್ರೂ ಪರವಾಗಿಲ್ಲ, ಕಾರು ಓಡಿಸಿದ್ರೆ ಸಾಕು."

"ಯಾವ ಕೆರೆಗೆ?"

"ಎಷ್ಟು ಕೆರೆ ಗೊತ್ತು ನಿಂಗೆ?" ಎಂದಳು ಅಮ್ಮ, ತಲೆ ಎತ್ತದೆ. "ಅದೇ ಕೆರೆಗೆ."

ಮೂವತ್ತೊಂದು ವರ್ಷಗಳಿಂದ ನಮ್ಮ ಮನೆಯಲ್ಲಿ ಯಾರೂ ಆ ಮಾತನ್ನು ಆಡಿರಲಿಲ್ಲ. ಅಮ್ಮ ಅದನ್ನು ಹಾಲು ತರಲು ಹೇಳಿದಷ್ಟು ಸಲೀಸಾಗಿ ಆಡಿದಳು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಿದ್ದೆ.

ಆಗ ನಾವು ನಾಲ್ಕು ಜನ. ಅಪ್ಪ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅಕ್ಕನಿಗೆ ಹದಿನಾರು, ನನಗೆ ಹನ್ನೊಂದು. ಭಾನುವಾರ ಬಂತೆಂದರೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಎರೆಹುಳುವಿನ ಡಬ್ಬಿ, ನಾಲ್ಕು ಬಕೆಟ್ಟು, ನಾಲ್ಕು ಗಾಳ ಹೊತ್ತುಕೊಂಡು ಬಸ್ಸು ಹತ್ತುತ್ತಿದ್ದೆವು. ಕೆರೆಯ ದಡದಲ್ಲಿ ಮಾತಾಡಬಾರದು, ಇದು ಅಪ್ಪನ ಕಾನೂನು. "ಮೀನಿಗೆ ಕಿವಿ ಇಲ್ಲ ಅಂತಾರೆ. ನಿಮ್ಮಿಬ್ಬರ ಹರಟೆ ಕೇಳಿದ್ರೆ ಅದಕ್ಕೂ ಕಿವಿ ಮೊಳೆಯುತ್ತೆ," ಎನ್ನುತ್ತಿದ್ದ.

ದಡ ಬಿಲ್ಲಿನ ಹಾಗೆ ಬಾಗಿತ್ತು. ನಡುನಡುವೆ ಆಳೆತ್ತರದ ಜೊಂಡು. ಅಪ್ಪ ಒಂದು ತುದಿಗೆ, ಅಮ್ಮ ಇನ್ನೊಂದು ತುದಿಗೆ, ನಾವಿಬ್ಬರು ನಡುವೆ. ಅಪ್ಪ ಅಮ್ಮನಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ, ನೀರು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಅದಕ್ಕೇ ಅಪ್ಪ ಬೋರ್ಡು ಬರೆದು ಮಿಕ್ಕ ಬಣ್ಣವನ್ನು ಗಾಳದ ದಾರಕ್ಕೆ ಕಟ್ಟಿ ತೇಲಿಸುವ ಬೆಂಡುಗಳಿಗೆ ಹಚ್ಚಿಟ್ಟಿದ್ದ. ಅವನದು ಕೆಂಪು, ಅಮ್ಮನದು ಬಿಳಿ, ಅಕ್ಕನದು ಹಳದಿ, ನನ್ನದು ಹಸಿರು. ಕೂಗಿ ಕರೆಯುವ ಗೋಜಿಲ್ಲ. ಆಗಾಗ ನೀರಿನ ಮೇಲೆ ಬೆಂಡು ಎಣಿಸಿದರೆ ಆಯಿತು. ಕೋಲು ಹಿಡಿದವರು ಮೈಮರೆತರೆ ಗಾಳಿಗೆ ಬೆಂಡು ತೇಲಿ ಹೋಗಿ ಜೊಂಡಿಗೆ ಸಿಕ್ಕಿ ಮಲಗಿಬಿಡುತ್ತಿತ್ತು. ಹಾಗಾಗಿ ನಾಲ್ಕೂ ನೆಟ್ಟಗೆ ನಿಂತಿವೆ ಎಂದರೆ ನಾಲ್ವರೂ ಇದ್ದಾರೆ ಎಂದೇ ಅರ್ಥ. ಎಣಿಸುವ ಕೆಲಸ ಅಮ್ಮನದು.

ಆ ಭಾನುವಾರ ಅಕ್ಕ ನನ್ನ ಪಕ್ಕಕ್ಕೆ ಸರಿದು, ತನ್ನ ಕೋಲನ್ನು ನನ್ನ ಎಡಗೈಗೆ ತುರುಕಿ, ಕಿವಿಯಲ್ಲಿ ನಾಲ್ಕು ಮಾತು ಹೇಳಿ ಹೋದಳು. ನನಗೆ ಹೆಮ್ಮೆಯಾಯಿತು. ಒಂದು ಗಂಟೆಗೂ ಮೇಲೆ ಎರಡು ಕೈಯಲ್ಲಿ ಎರಡು ಗಾಳ ಸಂಭಾಳಿಸಿದೆ. ಹಳದಿ ಬೆಂಡು ಜೊಂಡಿನ ಕಡೆ ತೇಲಿದಾಗಲೆಲ್ಲ ಎಳೆದು ಮತ್ತೆ ಎಸೆದೆ, ಅದನ್ನು ಒಂದು ಸಲವೂ ಮಲಗಲು ಬಿಡಲಿಲ್ಲ. ನಡುವೆ ಎಡಗೈ ಜಗ್ಗಿತು. ಅಕ್ಕನ ಗಾಳಕ್ಕೆ ಮೀನು ಬಿದ್ದಿತ್ತು. ಬಂದಾಗ ಬೆರಗಾಗಲಿ ಎಂದು ಅವಳ ಬಕೆಟ್ಟಿಗೇ ಹಾಕಿದೆ.

ಊಟಕ್ಕೆ ಕರೆಯಲು ಬಂದ ಅಪ್ಪ ಆ ಬಕೆಟ್ಟಿನೊಳಗೆ ಇಣುಕಿದ. "ಮೀನು ಇನ್ನೂ ಒದ್ದಾಡ್ತಿದೆ. ಈಗ ತಾನೇ ಹಿಡಿದಿದಾಳೆ. ಇಲ್ಲೇ ಎಲ್ಲೋ ಇರ್ತಾಳೆ ಬಿಡು," ಎಂದ. ಆ ಮೀನಿನ ಮಾತು ನಂಬಿ ಅಪ್ಪ ಅಮ್ಮ ಈ ದಡದ ಜೊಂಡನ್ನೆಲ್ಲ ಬಗೆದು ನೋಡಿದರು. ಅಕ್ಕ ಹೋದದ್ದು ಆಚೆ ದಡಕ್ಕೆ. ಅಲ್ಲಿ ಯಾರೋ ಮಣ್ಣು ತೆಗೆದ ಗುಂಡಿಗಳು ನೀರಿನೊಳಗೆ ಮರೆಯಾಗಿದ್ದವು. ನಾನು ಬಾಯಿ ಬಿಟ್ಟು ಹೇಳಬಹುದಿತ್ತು. ಮೊದಲು ಅಕ್ಕನಿಗೆ ಬೈಗುಳ ಬೀಳುತ್ತದೆ ಎಂದು ಸುಮ್ಮನಿದ್ದೆ. ಆಮೇಲೆ ಆಚೆಯಿಂದ ಯಾರೋ ಕೂಗಿಕೊಂಡರು. ಅಲ್ಲಿಂದ ಮುಂದೆ ಹೇಳುವ ಧೈರ್ಯ ಬರಲೇ ಇಲ್ಲ.

ಅಮ್ಮನಿಗೆ ಅಪ್ಪ ಬೈಯಲಿಲ್ಲ. ಒಂದೇ ಒಂದು ಸಲ ಕೇಳಿದ: "ನೀನು ಎಣಿಸ್ತಾ ಇದ್ದೆ ಅಲ್ವೇನೇ?" ಅಪ್ಪ ಹೋಗಿ ಎಂಟು ವರ್ಷವಾಯಿತು, ಅಮ್ಮ ಇವತ್ತಿಗೂ ಅವನಿಗೆ ಉತ್ತರ ಹೇಳುತ್ತಾಳೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ತುಟಿ ಅಲ್ಲಾಡುತ್ತಿರುತ್ತದೆ. "ನಾಲ್ಕಿತ್ತು ರೀ. ನೋಡ್ದೆ ನಾನು. ನಾಲ್ಕೂ ಇತ್ತು." ಆದರೆ ಅವಳಿಗೇ ಅದರ ಮೇಲೆ ನಂಬಿಕೆ ಇಲ್ಲ. ಕಣ್ಣು ಮೋಸ ಮಾಡಿತು, ಮೂರನ್ನು ನಾಲ್ಕು ಎಂದು ಕಂಡೆ, ಇಲ್ಲವೇ ನೋಡಲೇ ಇಲ್ಲ, ನೋಡಿದೆ ಅಂದುಕೊಂಡೆ. ಇದು ಅವಳ ತೀರ್ಮಾನ. ಅಂದಿನಿಂದ ಅವಳು ತನ್ನ ಕಣ್ಣನ್ನು ನಂಬಿದವಳಲ್ಲ. ಗ್ಯಾಸ್ ಆರಿಸಿದ್ದೇನಾ ನೋಡು, ಬೀಗ ಬಿದ್ದಿದೆಯಾ ನೋಡು, ಎಂದು ನನ್ನನ್ನೂ ಪಕ್ಕದ ಮನೆಯವರನ್ನೂ ಕರೆದು ಕೇಳುತ್ತಾಳೆ. ಹೊಸ್ತಿಲ ಬಳಿಯ ಚಪ್ಪಲಿಗಳನ್ನು ಎಣಿಸಿ, ಬೆರಳು ಮಡಿಸಿ, ಮತ್ತೆ ಎಣಿಸುತ್ತಾಳೆ.

ಅಮ್ಮನ ಎಣಿಕೆ ಸರಿಯಾಗಿತ್ತು. ಅದನ್ನು ಹೇಳಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಹೇಳಿದರೆ ತಪ್ಪು ಅವಳಿಂದ ಇಳಿದು ನನ್ನ ಹೆಗಲಿಗೆ ಬರುತ್ತದೆ, ಅವಳು ನನ್ನ ಮುಖ ನೋಡುವುದನ್ನೇ ಬಿಡಬಹುದು. ಹೇಳದಿದ್ದರೆ ಅವಳು ಅದನ್ನು ಹೊತ್ತುಕೊಂಡೇ ಕಣ್ಣು ಮುಚ್ಚುತ್ತಾಳೆ. ಎಪ್ಪತ್ತಮೂರು ವರ್ಷ ಅವಳಿಗೆ.

ನಾನು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಎಡಗೈಯಲ್ಲಿ ಅಚ್ಚು ಹಿಡಿದು, ಬಲಗೈಯಲ್ಲಿ ಬಿಸಿ ಮೇಣಕ್ಕೆ ಒಂದೊಂದೇ ಹಲ್ಲು ಕೂರಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಯಾರದೋ ನಗು ಕೆಡುತ್ತದೆ. ತಿಂಗಳಿಗೆ ಒಂದೆರಡು ಸಲ, ಎಲ್ಲ ಸರಿಯಾಗಿ ನಡೆಯುತ್ತಿರುವಾಗಲೇ, ಎಡಗೈ ಜಗ್ಗುತ್ತದೆ. ಕೆಳಗಿನಿಂದ ಯಾರೋ ಹಿಡಿದು ಎಳೆದ ಹಾಗೆ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಹಲ್ಲು ಸೊಟ್ಟಗಾಗುತ್ತದೆ. "ಏನ್ ಮೇಡಂ, ಎಡಗೈ ರಜೆ ಕೇಳ್ತಿದೆಯಾ?" ಎಂದು ಪಕ್ಕದ ಮೇಜಿನವರು ನಗುತ್ತಾರೆ. ನಾನೂ ನಗುತ್ತೇನೆ. ಆ ದಿನ ಗಾಳ ಜಗ್ಗಿದ ಗಳಿಗೆಯಲ್ಲಿ ಆಚೆ ದಡದಲ್ಲಿ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ನಾನು ಯಾರ ಹತ್ತಿರ ಕೇಳಲಿ?

ಭಾನುವಾರ ಬೆಳಿಗ್ಗೆ ಹೊರಟೆವು. ಕೆರೆ ಗುರುತು ಸಿಗದಷ್ಟು ಬದಲಾಗಿತ್ತು. ಸುತ್ತ ಕಲ್ಲು ಹಾಸಿದ ದಾರಿ, ಬೆಂಚುಗಳು, ಈಜಬಾರದೆಂಬ ಫಲಕ. ಜೊಂಡನ್ನೆಲ್ಲ ಕಿತ್ತು ಹಾಕಿದ್ದರು. ದೂರದಲ್ಲಿ ಒಂದು ಕುಟುಂಬ ಕೊಡೆ ನೆಟ್ಟು ಗಾಳ ಹಾಕಿ ಕುಳಿತಿತ್ತು. ಬಾಗಿದ ದಡ ಮಾತ್ರ ಹಾಗೆಯೇ ಇತ್ತು. ಅಮ್ಮ ಯಾರನ್ನೂ ಕೇಳದೆ, ಊರುಗೋಲು ಊರುತ್ತ, ಸೀದಾ ತನ್ನ ಹಳೆಯ ಜಾಗಕ್ಕೆ ನಡೆದಳು. ನಾನು ಮಡಿಸುವ ಕುರ್ಚಿ ಬಿಡಿಸಿ ಕೂರಿಸಿದೆ.

ಮಗಳಿಗೆ ಹುಳು ಮುಟ್ಟಲು ಅಸಹ್ಯ. ಬ್ರೆಡ್ಡಿನ ತುಣುಕು ನಾದಿ ಗಾಳಕ್ಕೆ ಸಿಕ್ಕಿಸಿದಳು.

"ಅಯ್ಯೋ, ಅದು ನೀರಲ್ಲಿ ಕರಗಿ ಹೋಗುತ್ತೆ ಕಣೇ," ಎಂದಳು ಅಮ್ಮ. "ಮೀನಿಗೆ ತಿಂಡಿ ಕೊಟ್ಟು ಕಳಿಸೋಕೆ ಬಂದಿದೀಯಾ?"

"ಅಜ್ಜಿ, ನಿಮಗೇ ಬ್ರೆಡ್ ಕಚ್ಚೋಕಾಗಲ್ಲ. ಮೀನಿನ ತಿಂಡಿ ಬಗ್ಗೆ ಬುದ್ಧಿ ಹೇಳೋಕೆ ಬಂದ್ರಿ."

"ಅದು ನಿಮ್ಮಮ್ಮ ಮಾಡಿದ ಹಲ್ಲಿನ ಗುಣ. ನೋಡೋಕಷ್ಟೇ ಚೆಂದ."

ಮೂವರೂ ನಕ್ಕೆವು. ಸ್ವಲ್ಪ ಹೊತ್ತು ಎಲ್ಲವೂ ಸುಲಭವಾಗಿತ್ತು. ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಮಗಳ ಬೆಂಡು ಅಂಗಡಿಯಿಂದ ತಂದ ಹೊಸದು, ಕಿತ್ತಳೆ ಬಣ್ಣದ್ದು. ಅದನ್ನೇ ನೋಡುತ್ತ ಕೂತ ಅಮ್ಮನ ಬೆರಳುಗಳು ತೊಡೆಯ ಮೇಲೆ ಮಡಿದು ಬಿಚ್ಚಿಕೊಳ್ಳುತ್ತಿದ್ದವು. ಎಣಿಸಲು ಒಂದೇ ಒಂದು ಇತ್ತು. ಆದರೂ ಎಣಿಸುತ್ತಿದ್ದಳು.

"ಮಮ್ಮೀ, ಇದನ್ನ ಹಿಡ್ಕೋ. ಬಾಟ್ಲಿಗೆ ನೀರು ತುಂಬಿಸ್ಕೊಂಡು ಓಡಿ ಬರ್ತೀನಿ," ಎಂದು ಮಗಳು ಕೋಲನ್ನು ನನ್ನ ಎಡಗೈಗೆ ಕೊಟ್ಟಳು.

ಕೈ ಹಿಡಿಯಲಿಲ್ಲ. ಕೋಲು ಕಲ್ಲಿನ ಮೇಲೆ ಬಿದ್ದು ಅರ್ಧ ನೀರಿಗೆ ಜಾರಿತು. "ಎಲ್ಲಿಗೂ ಹೋಗಬೇಡ!" ನಾನು ಕಿರುಚಿದೆ. ಕೊಡೆಯ ಕೆಳಗಿನ ಕುಟುಂಬ ತಿರುಗಿ ನೋಡಿತು. ಮಗಳು ಬಾಟಲಿ ಹಿಡಿದು ಹೆದರಿ ನಿಂತಳು.

"ನಲ್ಲಿ ಅಲ್ಲೇ ಕಾಣ್ತಿದೆ," ಎಂದಳು ಅಮ್ಮ ಮೆಲ್ಲಗೆ. "ಹೋಗಿ ಬಾ ಪುಟ್ಟಿ. ದಾರಿ ಮೇಲೇ ಹೋಗು. ನಿಧಾನ."

ಮಗಳು ಹೋದಳು. ಅಮ್ಮ ಬಗ್ಗಿ, ಊರುಗೋಲಿನ ತುದಿಯಿಂದ ಗಾಳದ ಕೋಲನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನನ್ನು ಏನೂ ಕೇಳಲಿಲ್ಲ. ಬಹುಶಃ ಕೇಳದೆ ಇದ್ದುದರಿಂದಲೇ ನನ್ನ ಬಾಯಿ ಬಿಚ್ಚಿಕೊಂಡಿತು.

"ಅಮ್ಮ, ಅವತ್ತು ಅಕ್ಕನ ಗಾಳ ನನ್ನ ಕೈಯಲ್ಲಿತ್ತು."

ಅವಳು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಅವಳು ಕೊಟ್ಟು ಹೋದ್ಳು. ಒಂದು ಗಂಟೆ ನಾನೇ ಹಿಡಿದಿದ್ದೆ, ಬೆಂಡನ್ನ ಮಲಗೋಕೆ ಬಿಡಲಿಲ್ಲ. ಆ ಮೀನೂ ನಾನೇ ಹಿಡಿದದ್ದು. ನೀನು ಸರಿಯಾಗೇ ಎಣಿಸಿದ್ದೆ. ನಾಲ್ಕು ಇತ್ತು."

ಹೇಳಿ ಮುಗಿಸಿದೆ. ಅವಳು ಎದ್ದು ಹೋಗಬಹುದು, ಹೊಡೆಯಬಹುದು, ಕಾರಿನಲ್ಲಿ ಹಿಂದಿನ ಸೀಟಿಗೆ ಸರಿದು ಕೂತು ಊರು ಸೇರುವ ತನಕ ಮಾತಾಡದಿರಬಹುದು. ಇದನ್ನೆಲ್ಲ ನಾನು ಎಷ್ಟೋ ವರ್ಷಗಳಿಂದ ಒಂದೊಂದಾಗಿ ಊಹಿಸಿಕೊಂಡಿದ್ದೆ.

"ನಾಲ್ಕು ಇತ್ತು," ಎಂದಳು ಅಮ್ಮ. "ಕೊಡುವಾಗ ಏನಂದ್ಳು?"

"ಏನು?"

"ಗಾಳ ಕೊಡುವಾಗ. ಸುಮ್ಮನೆ ಕೊಟ್ಟು ಹೋಗೋ ಹುಡುಗೀನಾ ಅವಳು? ಏನೋ ಹೇಳಿರ್ತಾಳೆ."

ನಾನು ಯಾವುದಕ್ಕೆಲ್ಲ ತಯಾರಾಗಿದ್ದೆನೋ ಅದರಲ್ಲಿ ಈ ಪ್ರಶ್ನೆ ಇರಲಿಲ್ಲ. ಹೇಳಿದೆ, ತಲೆ ತಗ್ಗಿಸಿಕೊಂಡು, ಒಪ್ಪಿಸುವ ಹಾಗೆ: "ಈ ಮೀನುಗಳ ಮುಖ ನೋಡಿ ನೋಡಿ ಸಾಕಾಗಿದೆ ಅಂದ್ಳು. ಹತ್ತೇ ನಿಮಿಷ, ಆಚೆ ಹೋಗಿ ಕಾಲು ಮುಳುಗಿಸಿ ಬರ್ತೀನಿ, ನನ್ನ ಬೆಂಡು ಮಲಗಿಸಬೇಡ. ಆ ತುದೀಲಿ ಅಮ್ಮ ಕೊಕ್ಕರೆ ಥರ ಕತ್ತು ಚಾಚಿ ಎಣಿಸ್ತಾ ಇರ್ತಾಳೆ. ಅಂದ್ಳು."

ಅಮ್ಮ ನನ್ನ ಕಡೆ ತಿರುಗಿದಳು. "ಕೊಕ್ಕರೆ?"

"ಹೂಂ."

"ಕೊಕ್ಕರೆ ಅಂದ್ಳಾ ನನ್ನ? ಕಳ್ಳಿ!" ಅಮ್ಮ ನಕ್ಕಳು. ಹಲ್ಲಿನ ಸೆಟ್ ಸಡಿಲವಾಗಿ, ಅದನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು ನಕ್ಕಳು. ಭುಜಗಳು ಕುಲುಕುತ್ತಿದ್ದವು. ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತು ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಅವಳ ಮುಖ ಗಟ್ಟಿಯಾಯಿತು. ಅಮ್ಮನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡೇ ಇರಲಿಲ್ಲ.

"ಇಷ್ಟು ವರ್ಷ ಇದನ್ನ ನೀನೊಬ್ಬಳೇ ಇಟ್ಕೊಂಡಿದ್ಯಲ್ಲೇ!"

"ನೀನು ಬೈತೀಯ ಅಂತ... ತಪ್ಪು ನಂದು ಅಂತ..."

"ತಪ್ಪಿಗೆ ಬೆಂಕಿ ಹಾಕು. ತಪ್ಪು ಹೊತ್ತು ಹೊತ್ತು ನನ್ನ ಬೆನ್ನು ಒಗ್ಗಿ ಹೋಗಿದೆ. ಅದು ನಂದಾದ್ರೇನು, ನಿಂದಾದ್ರೇನು, ಅವಳೇನು ಎದ್ದು ಬರ್ತಾಳಾ? ಹನ್ನೊಂದು ವರ್ಷದ ಮಗು ನೀನು, ನಿಂಗೇನು ಬೈಲಿ ನಾನು? ಆದ್ರೆ ಮಾತು? ಅವಳ ಕೊನೇ ಮಾತು ಅದು. ಅದರಲ್ಲಿ ನಾನಿದ್ದೆ. ನಿಮ್ಮಪ್ಪ ಅದನ್ನ ಕೇಳದೆ ಹೋದ್ರು."

ತಪ್ಪನ್ನು ಮುಚ್ಚಿಟ್ಟೆ ಎಂದಷ್ಟೇ ನಾನು ತಿಳಿದಿದ್ದೆ. ಅದರ ಜೊತೆಗೆ ಇನ್ನೇನನ್ನು ಮುಚ್ಚಿಟ್ಟಿದ್ದೆ ಎಂಬುದು ಈಗ ತಿಳಿಯಿತು. ಅಪ್ಪ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಬಾಗಿಲ ಕಡೆಗೇ ಕಿವಿ ಕೊಟ್ಟಿರುತ್ತಿದ್ದ. ನಾನು ದಿನವೂ ಅವನ ಪಕ್ಕದಲ್ಲೇ ಕೂತಿದ್ದೆ, ಆ ಮಾತನ್ನು ಬಾಯಲ್ಲಿಟ್ಟುಕೊಂಡು.

"ಇನ್ನೊಂದ್ಸಲ ಹೇಳು," ಎಂದಳು ಅಮ್ಮ.

ಮತ್ತೆ ಶುರು ಮಾಡಿದೆ. ಅವಳು ಕೈ ಎತ್ತಿ ತಡೆದಳು.

"ಹಾಗಲ್ಲ. ಅಂದ್ಳು, ಅಂದ್ಳು ಅಂತ ವರದಿ ಒಪ್ಪಿಸಬೇಡ. ಅವಳು ಹೇಗಂದ್ಳೋ ಹಾಗೆ."

"ಆಗಲ್ಲಮ್ಮ."

"ಆಗುತ್ತೆ. ಅವಳ ಪಕ್ಕದಲ್ಲೇ ಮಲಗ್ತಿದ್ದೋಳು ನೀನು."

ಕಣ್ಣು ಮುಚ್ಚಿಕೊಂಡೆ. ಅಕ್ಕ ಮಾತಾಡುವಾಗ ಪದಗಳ ಬಾಲ ನುಂಗುತ್ತಿದ್ದಳು. ನಗು ತಡೆದುಕೊಂಡಿದ್ದಾಗ ಮೂಗಿನಿಂದ ಮಾತಾಡುತ್ತಿದ್ದಳು. ಆ ದನಿಯನ್ನು ಹುಡುಕಿ ತರಬೇಕಾಗುತ್ತದೆ ಎಂದುಕೊಂಡಿದ್ದೆ. ಹುಡುಕಬೇಕಾಗಲಿಲ್ಲ. ಬಾಯಿ ತೆರೆದದ್ದೇ ತಡ, ಅದು ಅಲ್ಲೇ ನಿಂತಿತ್ತು, ನಾಲಿಗೆಯ ಹಿಂದೆ, ಎಷ್ಟು ಹೊತ್ತಿಗೆ ಕರೆಯುತ್ತಾರೋ ಎಂದು ಕಾಯುತ್ತಿದ್ದವಳ ಹಾಗೆ. "ಏಯ್, ಹಿಡ್ಕೊಳೇ ಇದನ್ನ. ಈ ಮೀನ್ಗಳ ಮುಖ ನೋಡ್ ನೋಡ್ ಸಾಕಾಗಿದೆ..." ಹದಿನಾರರ ದನಿ, ನಲವತ್ತೆರಡರ ಗಂಟಲಿನಲ್ಲಿ. ನಿಲ್ಲಿಸಬೇಕೆನಿಸಿತು. ಆದರೆ ಅದು ಕೊಕ್ಕರೆಯ ತನಕ ಹೋಗಿಯೇ ನಿಂತಿತು.

ಕಣ್ಣು ತೆರೆದಾಗ ಮಗಳು ತುಂಬಿದ ಬಾಟಲಿ ಎದೆಗೊತ್ತಿಕೊಂಡು ದಾರಿಯಲ್ಲೇ ನಿಂತುಬಿಟ್ಟಿದ್ದಳು. ನನ್ನ ಮುಖ ನೋಡಿದಳು, ಆಮೇಲೆ ಕುರ್ಚಿಯ ಹಿಂದೆ, ನನ್ನ ಹಿಂದೆ, ನೀರಿನ ಕಡೆ.

"ಯಾರು ಮಾತಾಡಿದ್ದು ಈಗ?"

"ನಿನ್ನ ದೊಡ್ಡಮ್ಮ," ಎಂದಳು ಅಮ್ಮ. ಊರುಗೋಲಿನಿಂದ ನೆಲ ತಟ್ಟಿ ಪಕ್ಕದಲ್ಲಿ ಜಾಗ ತೋರಿಸಿದಳು. "ಬಾ, ಕೂತ್ಕೋ. ಸದ್ದು ಮಾಡಬೇಡ."

ಮಗಳು ಕೂತಳು. ಅಮ್ಮ ನನ್ನ ಕಡೆ ತಿರುಗಿ, ಕುಡಿಯಲು ನೀರು ಕೇಳುವವಳ ಹಾಗೆ ಕತ್ತು ಮುಂದೆ ಚಾಚಿದಳು.

"ಹೂಂ," ಎಂದಳು. "ಇನ್ನೊಂದ್ಸಲ."