ಜೊಂಡಿನ ಬುಡದ ಮಣ್ಣು

ಹೆರಿಗೆಗೆಂದು ಮಂಡಿಕಲ್ ಬಳಿಯ ತವರಿಗೆ ಬಂದ ಸಂಘಮಿತ್ರಳಿಗೆ ಮಣ್ಣು ತಿನ್ನುವ ಬಯಕೆ ಹತ್ತಿತ್ತು. ಈ ಕಡೆಯ ಬಸುರಿಯರಿಗೆ ಅದು ಹೊಸದಲ್ಲ. ತಾಯಿ ಅನಸೂಯಮ್ಮ ಬೈದರು. ತಂಗಿ ಹರಿಣಿ ಅಕ್ಕನ ಪರ ನಿಂತಳು.

ಹರಿಣಿ ಕರಾವಳಿಯ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಸೇರಿಕೊಂಡಿರುವ ಪ್ಲಾಸ್ಟಿಕ್ ಚೂರುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾದ ಬೇರುಗಳು ನೀರಿನ ಓಟ ತಗ್ಗಿಸುತ್ತವೆ. ನಿಧಾನವಾದ ನೀರು ಹೊತ್ತು ತಂದದ್ದನ್ನೆಲ್ಲ ಅಲ್ಲೇ ಇಳಿಸುತ್ತದೆ. ಹೋಲಿಸಿ ನೋಡಲು ಪ್ಲಾಸ್ಟಿಕ್ ಇಲ್ಲದ ಕೆಸರು ಬೇಕಿತ್ತು. "ನಮ್ಮೂರ ಕೆರೆ ಇದೆ ಸಾರ್, ಚರಂಡಿ ನೀರೂ ಅದಕ್ಕೆ ಸೇರಲ್ಲ" ಎಂದು ಮಾರ್ಗದರ್ಶಕರಿಗೆ ಹೇಳಿ ಬಂದಿದ್ದಳು.

ಕೆರೆಯಂಚಿನ ಜೊಂಡಿನ ಬುಡದಲ್ಲಿ ಮೊಣಕೈ ಆಳಕ್ಕೆ ಅಗೆದಳು. ಕಪ್ಪು, ನುಣುಪು ಮಣ್ಣು. ಅರ್ಧವನ್ನು ಗಾಜಿನ ಬಾಟಲಿಗಳಿಗೆ ತುಂಬಿದಳು. ಉಳಿದದ್ದನ್ನು ಬಿಲ್ಲೆ ತಟ್ಟಿ, ಬಿಸಿಲಿಗೆ ಒಣಗಿಸಿ ಅಕ್ಕನ ಡಬ್ಬಕ್ಕೆ ಹಾಕಿದಳು.

"ಅಂಗಡೀಲಿ ತಿನ್ನೋಕೆ ಮಾರೋ ಮಣ್ಣು ಎಲ್ಲಿಂದ ಬಂದಿರುತ್ತೋ ಏನೋ. ಇದನ್ನ ತಿನ್ನಕ್ಕ, ಕ್ಲೀನಾಗಿದೆ."

"ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಯ್ತಲ್ಲೇ," ಎಂದು ಸಂಘಮಿತ್ರ ನಕ್ಕಳು.

"ಒಬ್ಬಳು ಕೆಸರು ಹೊರೋಳು, ಇನ್ನೊಬ್ಬಳು ತಿನ್ನೋಳು. ಚೆನ್ನಾಗ್ ಹೆತ್ತೆ ನಾನು," ಅನಸೂಯಮ್ಮ ಗೊಣಗಿದರು.

ಪ್ರಯೋಗಾಲಯದಲ್ಲಿ ಸರದಿ ಸಿಗುವುದು ತಡವಾಯಿತು. ಹರಿಣಿ ಮಣ್ಣನ್ನು ಗಾಢ ಉಪ್ಪುನೀರಿನಲ್ಲಿ ಕಲಕಿ, ಮೇಲೆ ತೇಲಿದ್ದನ್ನು ಸೋಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಚೂರುಗಳು. ಒಂದು ಬದಿ ಕಪ್ಪು, ಇನ್ನೊಂದು ಬದಿ ಬೆಳ್ಳಿ. ಕಾದ ಸೂಜಿ ತಾಗಿಸಿದರೆ ಪ್ಲಾಸ್ಟಿಕ್ಕಿನಂತೆ ಮುದುಡಿದವು. ಇನ್ನೊಂದು ಬಾಟಲಿ ತೆಗೆದಳು. ಅದರಲ್ಲೂ ಅವೇ.

ಯಾವುದರ ಚೂರು ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಅಪ್ಪ ಕೋನಪ್ಪ ಕಳೆ ಬಾರದಂತೆ ಟೊಮೆಟೊ ಸಾಲುಗಳಿಗೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟು. ಬೆಳೆ ಮುಗಿದ ಮೇಲೆ ಕೈಗೆ ಸಿಕ್ಕಷ್ಟನ್ನು ಕಿತ್ತು, ಹರಿದು ಉಳಿದದ್ದರ ಮೇಲೆಯೇ ಮಣ್ಣು ಪುಡಿಮಾಡುವ ರೋಟವೇಟರ್ ಹೊಡೆಸುತ್ತಿದ್ದರು. ಕೆರೆಯ ಮೇಲ್ಭಾಗದ ತೋಟದವರೆಲ್ಲ ಹಾಗೇ ಮಾಡುತ್ತಿದ್ದರು. ಮಳೆ ಅದನ್ನು ಕೆರೆಗೆ ತಂದಿತ್ತು, ಜೊಂಡು ಹಿಡಿದಿಟ್ಟುಕೊಂಡಿತ್ತು. ಪ್ರಬಂಧದ ಮೊದಲ ಪುಟದಲ್ಲಿ ಕಾಂಡ್ಲಾದ ಬಗ್ಗೆ ಬರೆದ ಮಾತು ತನ್ನೂರ ಜೊಂಡಿಗೂ ಸಲ್ಲುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದಳು.

"ಆ ಮಣ್ಣು ತಿನ್ಬೇಡಕ್ಕ. ಅದರಲ್ಲಿ ಪ್ಲಾಸ್ಟಿಕ್ ಇದೆ. ಅಪ್ಪನ ತೋಟದ ಶೀಟೇ."

"ಕ್ಲೀನ್ ಅಂದಿದ್ದೆ?"

"ಅಂದಿದ್ದೆ."

"ಮಗೂಗೆ ಏನಾದ್ರೂ ಆಗುತ್ತಾ?"

"ಗೊತ್ತಿಲ್ಲಕ್ಕ."

"ಡಾಕ್ಟ್ರನ್ನ ಕೇಳ್ಲಾ?"

"ಕೇಳು. ಆದ್ರೆ ಖಚಿತವಾಗಿ ಇನ್ನೂ ಯಾರಿಗೂ ಗೊತ್ತಿಲ್ಲ."

ಅತ್ತ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು.

"ಎಸೆದ್ಬಿಡಕ್ಕ."

"ಎಸೆಯೋಕೆ ಏನಿದೆ ಕಣೇ? ತಳದಲ್ಲಿ ಒಂಚೂರು ಪುಡಿ ಇದೆ, ಅಷ್ಟೇ."

ಸಂಘಮಿತ್ರಳೇ ಮತ್ತೆ ಕೇಳಿದಳು, ಮೆಲ್ಲಗೆ, ಅಮ್ಮನಿಗೆ ಕೇಳಿಸದಂತೆ.

"ಬಾಯಿ ತಡೀತಿಲ್ಲ ಕಣೇ. ಮುರುಗಮಲ್ಲದ ಕಡೆ ಕೆರೇದು ತರಿಸಿದ್ರೆ?"

ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ಬಸ್ಸಿನಲ್ಲಿ ಕಂಡದ್ದು ಹರಿಣಿಗೆ ನೆನಪಾಯಿತು. ರಸ್ತೆಯ ಎರಡೂ ಬದಿ ಶೀಟು ಹೊದ್ದು ಬಿಸಿಲಿಗೆ ಬೆಳ್ಳಿಯಂತೆ ಮಿರುಗುವ ಸಾಲುಗಳು.

"ಅಲ್ಲೂ ಟೊಮೆಟೊನೇ ಹಾಕ್ತಾರಕ್ಕ," ಎಂದಳು.