ಹೊಸ್ತಿಲಲ್ಲಿ ಹೇಳಿದ ಹೆಸರು

ಹೋದ ಕೂಡಲೇ ಹೇಳಿಬಿಡುವುದೋ, ಊಟವಾದ ಮೇಲೆ ರಾಚಪ್ಪನನ್ನು ಒಂದು ಬದಿಗೆ ಕರೆದು ಹೇಳುವುದೋ? ನೀಲಗಂಗಾಳಿಗೆ ಮೊದಲೇ ತಿಳಿಸಬೇಕೋ? ತಿಳಿಸಿದರೆ ಅವಳಿಗೆ ಸಂತೋಷವಾಗುತ್ತದೆ. ಆ ಸಂತೋಷವನ್ನು ನೋಡುವುದೇ ಕಷ್ಟ.

ಬಸ್ಸು ಕುಂಭಾರಿ ದಾಟಿತು. ಸಾತಲಿಂಗಪ್ಪ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಪಕ್ಕದಲ್ಲಿ ಹೆಂಡತಿ ನೀಲಗಂಗಾ, ಅವಳ ಮಡಿಲಲ್ಲಿ ಕೂಸಿನ ಕುಲಾಯಿ, ಬೆಲ್ಲ, ಹೂವಿನ ಚೀಲ. ಅಕ್ಕಲಕೋಟೆಯಲ್ಲಿ ಅವಳ ತಮ್ಮ ರಾಚಪ್ಪನ ಮಗುವನ್ನು ಇಂದು ತೊಟ್ಟಿಲಿಗೆ ಹಾಕುವ ಕಾರ್ಯ.

ರಾಚಪ್ಪನದು ಚಾದರದ ವ್ಯಾಪಾರ. ಸೊಲ್ಲಾಪುರದ ನವೀ ಪೇಠೆಯಲ್ಲಿ ಸಾತಲಿಂಗಪ್ಪನ ಕಾಮಿಕ್ಸ್ ಅಂಗಡಿ ಇರುವ ಜಾಗದ ಮೇಲೆ ಅವನ ಕಣ್ಣು. "ಜಾಗಾ ನಿಮ್ದು, ಚಾದರ ನಂದು. ಕೂಡಿ ಮಾಡೂಣು ಮಾಮಾ. ಆ ಚಿತ್ರದ ಪುಸ್ತಕಾ ರದ್ದಿಗಿ ಹಾಕ್ರಿ" ಎಂದು ದೀಪಾವಳಿಯಲ್ಲೇ ಹೇಳಿದ್ದ. ಇಂದು ಅವನಿಗೆ 'ಹೂಂ' ಎನ್ನಬೇಕು.

ವ್ಯಾಪಾರವೇನೂ ಕೆಟ್ಟಿರಲಿಲ್ಲ. ಎಪ್ಪತ್ತೊಂಬತ್ತರ ಅದೇ ಬೇಸಿಗೆಯಲ್ಲಿ, ಕೆಲವೇ ವಾರಗಳ ಹಿಂದೆ, ಊರಿನ ಟಾಕೀಜಿಗೆ ಮುಖವಾಡ ಹಾಕಿಕೊಂಡು ಹಾರುವ ಗಂಡಸಿನ ಇಂಗ್ಲಿಷ್ ಸಿನಿಮಾ ಬಂದಾಗ ಸಾತಲಿಂಗಪ್ಪ ಹೆದರಿದ್ದು ನಿಜ. ಪರದೆಯ ಮೇಲೆ ಖರೇನೇ ಹಾರುವವನನ್ನು ಕಂಡ ಮೇಲೆ ಕಾಗದದ ಮೇಲೆ ನಿಂತವನನ್ನು ಯಾರು ನೋಡುತ್ತಾರೆ? ಆದರೆ ಟಿಕೀಟಿನ ಸಾಲಿನಲ್ಲಿ ನಿಂತಾಗ ಕೇಳಿದ್ದೇ ಬೇರೆ. ಮುಂದೆ ಏನಾಗುತ್ತದೆಂದು ಹುಡುಗರು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಅಷ್ಟೂ ಅವನ ಅಂಗಡಿಯ ಬಾಕಿನ ಮೇಲೆ ಕುಳಿತು ಓದಿದ್ದು. ಅವನು ಅಂಗಿಯ ಕಾಲರು ಸರಿಮಾಡಿಕೊಂಡ. ಸಿನಿಮಾದಲ್ಲಿ ಆ ಮನುಷ್ಯ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿ ಹೋಗುತ್ತಾನೆ. ಪುಸ್ತಕದಲ್ಲಿ ನೋಡುವವನಿಗೆ ಸಾಕಾಗುವವರೆಗೂ ಮುಗಿಲಲ್ಲೇ ನಿಂತಿರುತ್ತಾನೆ. ಹುಡುಗರು ಸಿನಿಮಾ ಮುಗಿಸಿ ನೇರವಾಗಿ ಅಂಗಡಿಗೆ ಬಂದರು.

ಅಂದು ನೀಲಗಂಗಾಳೂ ಜೊತೆಗಿದ್ದಳು.

"ಹ್ಯಾಂಗಿತ್ತ?" ಎಂದು ಕೇಳಿದ್ದ.

"ಮಸ್ತ ಹಾರತಾನ. ಆದ್ರ ಮಾರಿ ಮುಚ್ಕೊಂಡು, ಸ್ವಂತ ಹೇಣ್ತಿಗೂ ತಾ ಯಾರಂತ ಹೇಳೂದಿಲ್ಲಂದ್ರ ಅದೆಂಥಾ ಸಂಸಾರರಿ?"

ಇಬ್ಬರೂ ನಕ್ಕಿದ್ದರು. ಅಂಗಡಿಯ ಬಗ್ಗೆ ಮಾತ್ರ ಅವಳು ಏನೂ ಹೇಳಲಿಲ್ಲ. ಎಂದೂ ಹೇಳಿದವಳಲ್ಲ.

ಅವನನ್ನು ಕೊರೆಯುತ್ತಿದ್ದುದು ಅದೇ. ಆ ಕಡೆಯ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಶುಭಕಾರ್ಯದ ಮನೆಯಲ್ಲಿ ಯಾರಾದರೂ ಹೊಸ್ತಿಲಿಗೆ ಅಡ್ಡನಿಂತು ಕೇಳಿದಾಗ, ಪದ ಕಟ್ಟಿದ ಒಡಪಿನಲ್ಲಿ ಇಟ್ಟು ಹೇಳುತ್ತಾರೆ. ನೀಲಗಂಗಾಳ ಅಕ್ಕ ಇಂದುಬಾಯಿಯ ಒಡಪಿನಲ್ಲಿ ಗಂಡನ ಎಣ್ಣೆ ಗಿರಣಿ ಪ್ರತಿ ಸಲವೂ ತಿರುಗುತ್ತಿತ್ತು. ನೀಲಗಂಗಾ ಮದುವೆಯಾದಾಗಿನಿಂದ ಒಂದನ್ನೇ ಹೇಳುತ್ತಿದ್ದಳು: ಬೆಳ್ಳಿ ತಾಟು, ತಾಟಿನಲ್ಲಿ ಬಾಳೆಹಣ್ಣು, ಕೊನೆಗೆ ಅವನ ಹೆಸರು. ಅಂಗಡಿ ಅದರಲ್ಲಿ ಇರಲಿಲ್ಲ. ಅವನು ಪ್ರತಿ ಸಮಾರಂಭದಲ್ಲೂ ಕಾದ. ಬೆಳ್ಳಿ ತಾಟೇ ಬಂತು. ದೊಡ್ಡ ವ್ಯಾಪಾರಸ್ಥರ ಮಗಳು, ಚಿತ್ರದ ಪುಸ್ತಕ ಮಾರುವವನ ಹೆಂಡತಿ. ನಾಚಿಕೆ ಇರಬೇಕು. ಕೇಳಿದರೆ ಎಲ್ಲಿ ಹೌದೆಂದುಬಿಡುತ್ತಾಳೋ ಎಂದು ಅವನು ಕೇಳಿರಲಿಲ್ಲ. ಚಾದರದ ಅಂಗಡಿಯಾದರೆ ಅವಳ ಒಡಪಿಗೆ ಬಂದೀತು ಎಂದುಕೊಂಡಿದ್ದ.

ರಾಚಪ್ಪನ ಮನೆಯ ಹೊಸ್ತಿಲಲ್ಲಿ ಇಂದುಬಾಯಿ ಎರಡೂ ಕೈ ಚಾಚಿ ನಿಂತಿದ್ದಳು.

"ನಿಂದ್ರ ನಿಂದ್ರ! ಹೆಸರ ಹೇಳಿ ಒಳಗ ಬಾ. ಆ ಬೆಳ್ಳಿ ತಾಟ ಮಾತ್ರ ತರಬ್ಯಾಡವ್ವ, ತಿಕ್ಕಿ ತಿಕ್ಕಿ ಸವದ ಹೋಗ್ಯದ."

"ನಿನ್ನ ಗಿರಣಿಗೇನ ಕಡಿಮಿ ಸವಕಳಿ ಬಂದದೇನ ಅಕ್ಕಾ?"

ಹೆಂಗಸರು ನಕ್ಕರು. ಒಳಗಿನಿಂದ ರಾಚಪ್ಪ ಕೂಗಿದ: "ನೀಲಕ್ಕಾ, ಈ ಸಲ ಚಾದರದ ಒಡಪ ಹೇಳ! ಮಾಮಾ ಚಾದರ ಅಂಗಡಿ ಹಾಕಾಂವ್ರ ಅದಾರ!"

ಸಾತಲಿಂಗಪ್ಪ ಚಪ್ಪಲಿ ಬಿಡಲು ಬಗ್ಗಿದ. ನೀಲಗಂಗಾ ಒಮ್ಮೆ ಅವನ ಕಡೆ ನೋಡಿದಳು.

"ಚಾದರ ನಿನ್ನ ಅಂಗಡ್ಯಾಗ ಇರಲಿ ತಮ್ಮಾ" ಎಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಬೆಟ್ಟ ಎತ್ತಾವ್ರು, ಮುಗಿಲಾಗ ಹಾರಾವ್ರು, ಎಲ್ಲಾರೂ ಭಾಳ ಜೋರ,
ಅವರನ್ನೆಲ್ಲಾ ಹಗ್ಗಕ್ಕ ತೂಗಹಾಕಿ ಕುಂತಾರ ನಮ್ಮ ಸಾತಲಿಂಗಪ್ಪನವರ!"

ಇಂದುಬಾಯಿಯ ಕೈಗಳು ತಾವಾಗಿ ಕೆಳಗಿಳಿದವು. ಆಮೇಲೆ ಎದ್ದ ನಗುವಿಗೆ ತೊಟ್ಟಿಲಲ್ಲಿದ್ದ ಕೂಸು ಅತ್ತಿತು. ಸಾತಲಿಂಗಪ್ಪನಿಗೆ ಅಂಗಡಿಯ ಹಗ್ಗ ಕಣ್ಣೆದುರು ಬಂತು, ಚಿಮಟಿ ಹಾಕಿ ತಾನೇ ದಿನಾ ಬೆಳಿಗ್ಗೆ ಸಾಲಾಗಿ ತೂಗುಹಾಕುವ ಪುಸ್ತಕಗಳು. ತಲೆಯೆತ್ತಿ ಒಳಗೆ ಹೋದ.

ಊಟವಾದ ಮೇಲೆ ರಾಚಪ್ಪನೇ ಎಲೆಅಡಿಕೆ ಹಿಡಿದು ಬಂದ. "ಚಾದರದ ಮಾತ ಏನಾತ್ರಿ ಮಾಮಾ?"

"ಚಾದರ ಚೊಲೊ ಅದಾವ. ಆದ್ರ ನನ್ನ ಹಗ್ಗ ಖಾಲಿ ಇಲ್ಲಪಾ."

ಮರಳುವ ಬಸ್ಸು ಕುಂಭಾರಿ ದಾಟಿತು. ಸಾತಲಿಂಗಪ್ಪ ಕೇಳಿದ: "ಅದನ್ನ ಯಾವಾಗ ಕಟ್ಟಿದಿ?"

"ಸಿನಿಮಾದಾಗರಿ. ಅಂವ ಹಾರೂದ ನೋಡ್ಕೋತ."

"ಇಷ್ಟ ವರ್ಷ ಯಾಕ ಕಟ್ಟಲಿಲ್ಲ?"

"ತಾಟಿಂದು ಅವ್ವ ಕಲಿಸಿದ್ದು, ತಪ್ಪೂದಿಲ್ಲ. ನಾ ಕಟ್ಟಿದ್ದು ನಾಲ್ಕ ಮಂದ್ಯಾಗ ತಪ್ಪಿದ್ರ? ನಿಮ್ಮ ಹೆಸರ ಅಲ್ಲೇನ್ರಿ ಅದರಾಗ?" ಅವನ ಕಡೆ ತಿರುಗಿ ಕೇಳಿದಳು: "ರಾಚಪ್ಪ ಅಂದದ್ದ ಖರೇನ್ರಿ? ಚಾದರ ಅಂಗಡಿ?"

"ಅವಂದ ಬರೇ ಚ್ಯಾಷ್ಟಿ" ಎಂದ ಸಾತಲಿಂಗಪ್ಪ.

ಅವಳು ಖಾಲಿ ಚೀಲವನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. ಅಂಗಡಿ ಬಿಟ್ಟುಕೊಡುವೆನೆಂದು ಹೇಳುವುದಕ್ಕೇ ಆ ದಿನ ಅಕ್ಕಲಕೋಟೆಗೆ ಹೊರಟಿದ್ದೆನೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.