ಮಹಡಿಮನೆಯ ರಸೀದಿಗಳು

ತೆರಿಗೆ ಇಲಾಖೆಯಿಂದ ಬಂದ ಕಾಗದವನ್ನು ಮೂರು ಸಲ ಓದಿದೆ. ನನ್ನ ಮನೆಯ ಮಹಡಿಯಿಂದ ಆರು ವರ್ಷ ಬಾಡಿಗೆ ಬಂದಿದೆಯಂತೆ, ಅದನ್ನು ನಾನು ಆದಾಯದಲ್ಲಿ ತೋರಿಸಿಲ್ಲವಂತೆ, ಬಂದು ವಿವರಣೆ ಕೊಡಬೇಕಂತೆ.

ಮಹಡಿಯಲ್ಲಿರುವುದು ನನ್ನ ತಂಗಿ. ಗಂಡ ತೀರಿಕೊಂಡ ಮೇಲೆ ಬಂದು ಸೇರಿಕೊಂಡವಳು. ದೊಡ್ಡಾಸ್ಪತ್ರೆಯಲ್ಲಿ ಹಿರಿಯ ನರ್ಸ್, ನನ್ನ ಮಾತ್ರೆ ಡಬ್ಬಿ ಇಟ್ಟುಕೊಂಡು ಹೊತ್ತು ಹೊತ್ತಿಗೆ ಕೊಡುವವಳೂ ಅವಳೇ. ಕರೆಂಟ್ ಬಿಲ್ಲು ಅವಳದು, ಉಳಿದದ್ದೆಲ್ಲ ನನ್ನದು. ಬಾಡಿಗೆ ಎಂಬ ಮಾತು ನಮ್ಮ ನಡುವೆ ಬಂದದ್ದು ಒಂದೇ ಸಲ, ಅವಳು ಬಂದ ಮೊದಲ ವಾರ.

"ಏನೋ ಒಂದಿಷ್ಟು ಬಾಡಿಗೆ ಅಂತ ಹಾಕಿ, ಕರಾರು ಬರೆದು ರಿಜಿಸ್ಟರ್ ಮಾಡಿಸಿಬಿಡೋಣ ಕಣೇ. ನಾಳೆ ನಾನಿಲ್ಲದಿದ್ರೂ ನಿನ್ನನ್ನ ಯಾರೂ ಏಳು ಅನ್ನಬಾರದು," ಎಂದಿದ್ದೆ.

"ಸ್ವಂತ ಅಕ್ಕನ ಮನೇಲಿರೋಕೆ ರಿಜಿಸ್ಟ್ರಾರ್ ಮುಂದೆ ಹೋಗಿ ಹೆಬ್ಬೆಟ್ಟು ಒತ್ತಬೇಕಾ? ಹಾಗಿದ್ರೆ ಬೇರೆ ಮನೆ ನೋಡ್ಕೋತೀನಿ ಬಿಡು," ಎಂದು ಅವಳು ಕಣ್ಣು ತುಂಬಿಕೊಂಡಳು. ಗಂಡನನ್ನು ಕಳೆದುಕೊಂಡು ತಿಂಗಳೂ ಆಗದವಳ ಮುಂದೆ ಕಾಗದ ಪತ್ರದ ಮಾತೆತ್ತಿದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಬಾಡಿಗೆಯೂ ಬೇಡ, ಕರಾರೂ ಬೇಡ ಎಂದಾಯಿತು.

ಹಾಗಾಗಿ ಈ ಕಾಗದ ಯಾರದೋ ಮನೆಗೆ ಹೋಗಬೇಕಾದದ್ದು ದಾರಿ ತಪ್ಪಿ ಬಂದಿದೆ ಎಂದುಕೊಂಡೇ ಕಚೇರಿಗೆ ಹೋದೆ. ಲಿಫ್ಟ್ ಕೆಟ್ಟಿತ್ತು. ನಾಲ್ಕು ಮೆಟ್ಟಿಲು ಹತ್ತಿ ಅಲ್ಲೇ ಕೂತುಬಿಟ್ಟೆ. ಬಾಗಿಲ ಕಾವಲಿನವನು ಮೇಲೆ ಹೋಗಿ ಹೇಳಿರಬೇಕು, ತೆರಿಗೆ ಅಧಿಕಾರಿಣಿ ತಾವೇ ಫೈಲು ಹಿಡಿದು ಕೆಳಗಿಳಿದು ಬಂದರು. ನನ್ನ ಅರ್ಧ ವಯಸ್ಸೂ ಇರಲಿಲ್ಲ ಆಕೆಗೆ. ಕಾವಲಿನವನ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ತಾವು ಸ್ಟೂಲಿನ ಮೇಲೆ ಕೂತರು.

"ಸಂಬಂಧಿಕರಿಗೆ ಮನೆ ಬಾಡಿಗೆಗೆ ಕೊಡೋದು ತಪ್ಪಲ್ಲ ಅಮ್ಮ. ಪುಕ್ಕಟೆ ಕೊಟ್ರೂ ತಪ್ಪಲ್ಲ. ಆದರೆ ಬಾಡಿಗೆ ಕಟ್ತಿದೀನಿ ಅಂತ ಅವರು ತಮ್ಮ ತೆರಿಗೆ ಇಳಿಸ್ಕೊಂಡ್ರೆ, ಆ ದುಡ್ಡು ನಿಜವಾಗಿ ನಿಮ್ಮ ಕೈಗೆ ಬಂದಿರಬೇಕು, ನೀವು ಅದನ್ನ ತೋರಿಸಿರಬೇಕು. ನಿಮ್ಮ ತಂಗಿ ತೋರಿಸಿದಾರೆ. ನೀವು ತೋರಿಸಿಲ್ಲ."

"ಬಾರದೇ ಇದ್ದದ್ದನ್ನ ಎಲ್ಲಿಂದ ತಂದು ತೋರಿಸಲಿ?"

ಆಕೆ ಫೈಲು ಬಿಚ್ಚಿದರು. ಛಾಪಾ ಕಾಗದದ ಮೇಲೆ ಕರಾರು. ಅದರ ಹಿಂದೆ ತಿಂಗಳು ತಿಂಗಳಿನ ರಸೀದಿಗಳು, ಒಂದೊಂದರ ಮೇಲೂ ನನ್ನ ಸಹಿ. ಬಾಡಿಗೆಯೋ, ಕೆಳಗಿನ ಮನೆಯನ್ನೂ ಮಹಡಿಯನ್ನೂ ಸೇರಿಸಿ ಕೊಟ್ಟರೂ ಅಷ್ಟು ಬರಲಾರದು.

"ರಿಜಿಸ್ಟರ್ ಮಾತ್ರ ಆಗಿಲ್ಲ," ಎಂದರು ಆಕೆ. "ಆಗಬೇಕು ಅಂದ್ರೆ ನೀವೇ ಹೋಗಿ ಅಲ್ಲಿ ಕೂರಬೇಕಿತ್ತು. ಫೋಟೋ ತೆಗೀತಾರೆ, ಬೆರಳಚ್ಚು ತಗೋತಾರೆ."

ನಾನು ಹೇಳಿದ ಸಣ್ಣ ಬಾಡಿಗೆ ರಿಜಿಸ್ಟರ್ ಆಗಿದ್ದರೆ ಇಷ್ಟು ದೊಡ್ಡದನ್ನು ಬರೆಯಲಾಗುತ್ತಿರಲಿಲ್ಲ. ಆರು ವರ್ಷದ ಹಿಂದಿನ ಕಣ್ಣೀರು ನನಗೆ ಆಗ ಅರ್ಥವಾಯಿತು.

"ಈ ಸಹಿ ನಿಮ್ಮದೇನಾ ಅಮ್ಮ?"

ನೋಡಿದರೆ ನನ್ನದೇ. ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಕಾರ್ಡುಗಳ ಮೇಲೆ ಪುಸ್ತಕಗಳ ಹೆಸರು ಬರೆದೂ ಬರೆದೂ ದುಂಡಗಾದ ಅಕ್ಷರ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನಗಿಂತ ಹದಿನೇಳು ವರ್ಷ ಚಿಕ್ಕವಳಾದ ತಂಗಿಯ ಮುಷ್ಟಿ ಹಿಡಿದು ಅದೇ ಅಕ್ಷರ ತಿದ್ದಿಸಿದ್ದೆ. ಇಷ್ಟು ಚೆನ್ನಾಗಿ ನನ್ನ ಹಾಗೆ ಬರೆಯಬಲ್ಲವರು ಇನ್ನೊಬ್ಬರಿಲ್ಲ.

ಆಕೆ ನನ್ನ ಮುಖ ನೋಡಿ ಫೈಲು ಮುಚ್ಚಿದರು.

"ಇವತ್ತೇ ಹೇಳಬೇಕಾಗಿಲ್ಲ. ಗುರುವಾರ ಬನ್ನಿ. ಅಷ್ಟರೊಳಗೆ ಬರೆದೋರು ಯಾರೋ ಅವರೇ ಬಂದು ಒಪ್ಪಿಕೊಂಡು, ತೆರಿಗೆ, ದಂಡ ಕಟ್ಟಿದ್ರೆ ಇಲ್ಲಿಗೇ ಮುಗಿಸೋಕೆ ನೋಡ್ತೀನಿ. ಇಲ್ಲಾಂದ್ರೆ ಅವರು ಕೆಲಸ ಮಾಡೋ ಕಡೆಗೆ ಬರೀಬೇಕಾಗುತ್ತೆ."

ಸಂಜೆ ತಂಗಿ ಡ್ಯೂಟಿ ಮುಗಿಸಿ ಬಂದು, ಊದಿದ ಕಾಲನ್ನು ಕುರ್ಚಿಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಎನ್ನಲಿಲ್ಲ.

"ಓ, ಅದಾ. ನಮ್ಮ ವಾರ್ಡಲ್ಲಿ ಅರ್ಧ ಜನ ಅಮ್ಮನ ಹೆಸರಲ್ಲೋ ಅತ್ತೆ ಹೆಸರಲ್ಲೋ ರಸೀದಿ ಕೊಡ್ತಾರಕ್ಕಾ. ಒಬ್ಬಳಂತೂ ಸತ್ತುಹೋದ ಮಾವನ ಹತ್ರ ಪ್ರತಿ ತಿಂಗಳು ಸಹಿ ಮಾಡಿಸ್ತಾಳೆ."

"ನೀನು ಬದುಕಿರೋ ಅಕ್ಕನ ಹತ್ರ ಮಾಡಿಸಿದೀಯ. ಅವಳಿಗೇ ಗೊತ್ತಿಲ್ಲದ ಹಾಗೆ."

"ಕೇಳಿದ್ರೆ ಹಾಕ್ತಿದ್ಯಾ? ಪುಸ್ತಕ ಒಂದು ದಿನ ತಡವಾಗಿದ್ದಕ್ಕೆ ತಂಗಿ ಅಂತಾನೂ ನೋಡದೆ ದಂಡ ಹಾಕಿದೋಳು ನೀನು."

ನಗು ಬರಬೇಕಿತ್ತು. ಬರಲಿಲ್ಲ.

"ಗುರುವಾರದೊಳಗೆ ಹೋಗಿ ಹೇಳಿಬಿಡು. ನಾನೂ ಜೊತೆಗೆ ಬರ್ತೀನಿ. ದಂಡ ಎಷ್ಟಾದ್ರೂ ಇಬ್ರೂ ಸೇರಿ ಕಟ್ಟೋಣ."

"ಇನ್ನೊಂದು ವರ್ಷಕ್ಕೆ ರಿಟೈರ್ಡ್ ಆಗ್ತೀನಿ. ಈಗ ಗೊತ್ತಾದ್ರೆ ಪೆನ್ಷನ್ನಿಗೇ ಕಲ್ಲು ಬೀಳುತ್ತೆ. ಸಹಿ ನಂದೇ, ತೋರಿಸೋದು ಮರೆತೆ ಅಂದುಬಿಡು, ಮುಗೀತು. ಈ ವಯಸ್ಸಲ್ಲಿ ನಿನ್ನನ್ನ ಯಾರು ಏನು ಮಾಡ್ತಾರೆ? ಕಳ್ಕೊಳ್ಳೋಕೆ ನಿನಗೇನಿದೆ ಹೇಳು?"

ಏನಿದೆ ಎಂದು ಅವಳಿಗೆ ಹೇಳಿಕೊಡಬೇಕಾಗಿ ಬಂದೀತೆಂದು ನಾನು ಎಂದೂ ಎಣಿಸಿರಲಿಲ್ಲ. "ಗುರುವಾರದವರೆಗೂ ಕಾಯ್ತೀನಿ," ಎಂದಷ್ಟೇ ಹೇಳಿ ಕೆಳಗಿಳಿದೆ.

ಗುರುವಾರ ನಾನು ಹೋಗುವಷ್ಟರಲ್ಲಿ ಅಧಿಕಾರಿಣಿ ಆಗಲೇ ಕೆಳಗೆ ಬಂದು ಕಾಯುತ್ತಿದ್ದರು. ಮೆಟ್ಟಿಲ ಪಕ್ಕದಲ್ಲಿ ಎರಡು ಕುರ್ಚಿ, ಒಂದು ಪುಟ್ಟ ಮೇಜು ಹಾಕಿಸಿದ್ದರು.

"ನಿಮ್ಮ ತಂಗಿ ನಿನ್ನೆ ಬಂದಿದ್ರು," ಎಂದರು.

ನನಗೆ ಹೋದ ಜೀವ ಬಂದಂತಾಯಿತು. "ಒಪ್ಪಿಕೊಂಡಳಾ? ಅವಳು ಕೆಟ್ಟವಳಲ್ಲಮ್ಮ, ಸ್ವಲ್ಪ ಹೆದರುಪುಕ್ಕಲಿ."

ಆಕೆ ಒಂದು ಕಾಗದ ತೆಗೆದು ನನ್ನ ಮುಂದಿಟ್ಟು, ನಾನು ಓದುವಷ್ಟು ಹೊತ್ತೂ ಬೀದಿಯ ಕಡೆ ನೋಡುತ್ತಿದ್ದರು. ಅದೇ ದುಂಡನೆಯ ಅಕ್ಷರದಲ್ಲಿ ತಂಗಿ ಬರೆದುಕೊಟ್ಟಿದ್ದಳು: ನನ್ನ ಅಕ್ಕನಿಗೆ ಎಪ್ಪತ್ತಾರು ವರ್ಷ. ಎರಡು ವರ್ಷದಿಂದ ಮರೆವಿನ ಕಾಯಿಲೆ. ಬಾಡಿಗೆ ತೆಗೆದುಕೊಂಡದ್ದನ್ನು ಮರೆಯುತ್ತಾರೆ, ಸಹಿ ಹಾಕಿ ಹಾಕಿಲ್ಲ ಎನ್ನುತ್ತಾರೆ. ನರ್ಸ್ ಆದ ನಾನೇ ಅವರನ್ನು ನೋಡಿಕೊಳ್ಳುತ್ತಿದ್ದೇನೆ. ದಯವಿಟ್ಟು ಅವರ ಮಾತನ್ನು ಗಣನೆಗೆ ತೆಗೆದುಕೊಳ್ಳಬಾರದು.

ಆ ಕಾಗದವನ್ನು ನೋಡಲಾಗದೆ ರಸೀದಿಗಳನ್ನು ಒಂದೊಂದಾಗಿ ಮಗುಚತೊಡಗಿದೆ. ನಾಲ್ಕನೆಯ ವರ್ಷದ ಒಂದು ರಸೀದಿಯ ಹತ್ತಿರ ಕೈ ನಿಂತಿತು. ನಾನು ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡ ಮರುತಿಂಗಳು ಅದು. ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರು. ಬ್ಯಾಂಕಿನಲ್ಲಿ ಎಡಗೈ ಹೆಬ್ಬೆಟ್ಟು ಒತ್ತಿ ಪೆನ್ಷನ್ ತೆಗೆದಿದ್ದೆ. ದಿನಾ ಬೆಳಗ್ಗೆ ತಂಗಿ ಡ್ಯೂಟಿಗೆ ಹೊರಡುವ ಮುಂಚೆ ಕೆಳಗೆ ಬಂದು ನನಗೆ ತಲೆ ಬಾಚಿ ಜಡೆ ಹಾಕುತ್ತಿದ್ದಳು. ನೋವಾಗುತ್ತಾ ಅಕ್ಕ, ನೋವಾಗುತ್ತಾ ಎಂದು ಸಿಕ್ಕನ್ನು ಒಂದೊಂದೇ ಬಿಡಿಸುತ್ತಿದ್ದಳು. ಆ ತಿಂಗಳ ಐದನೇ ತಾರೀಕಿನ ರಸೀದಿಯಲ್ಲಿ ನನ್ನ ಸಹಿ ಒಂದಿಷ್ಟೂ ಅಲುಗದೆ ನಿಂತಿತ್ತು. ಜಡೆ ಹಾಕಿ ಮೇಲೆ ಹೋಗಿ ಬರೆದಳೋ, ಬರೆದಿಟ್ಟು ಬಂದು ಜಡೆ ಹಾಕಿದಳೋ.

"ನೀರು ಬೇಕಾ ಅಮ್ಮ?"

"ಬೇಡಮ್ಮ. ಒಂದು ಹಾಳೆ ಕೊಡಿ."

ಬಾಡಿಗೆ ಬಂದಿಲ್ಲ, ಸಹಿ ನನ್ನದಲ್ಲ ಎಂದು ಬರೆದೆ. ಆ ತಿಂಗಳ ಹೆಬ್ಬೆಟ್ಟು ಬ್ಯಾಂಕಿನಲ್ಲಿದೆ, ಎಕ್ಸ್‌ರೇ ದೊಡ್ಡಾಸ್ಪತ್ರೆಯಲ್ಲಿದೆ ಎಂದೂ ಬರೆದೆ.

ಆಕೆ ಓದಿ, ದನಿ ತಗ್ಗಿಸಿ ಕೇಳಿದರು: "ಯಾರು ಹಾಕಿದ್ದು ಅನ್ನೋದನ್ನೂ ಬರೀಬೇಕಾಗುತ್ತೆ. ಬೇಕಾದ್ರೆ ಸೋಮವಾರದವರೆಗೂ ಕಾಯ್ತೀನಿ."

ಆ ಅಧಿಕಾರಿಣಿ ಹುಡುಗಿ ಆ ದಿನಗಳನ್ನು ತನ್ನ ಜವಾಬ್ದಾರಿಯ ಮೇಲೇ ಕೊಡುತ್ತಿದ್ದಳು. ಮೊದಲು ಕೊಟ್ಟಿದ್ದ ಮೂರು ದಿನವನ್ನು ನನ್ನ ತಂಗಿ ಯಾವುದಕ್ಕೆ ಬಳಸಿಕೊಂಡಳು ಎಂಬುದು ಮೇಜಿನ ಮೇಲೆ ಬಿದ್ದಿತ್ತು.

"ಬೇಡಮ್ಮ. ಇನ್ನೂ ನಾಲ್ಕು ದಿನ ಕೊಟ್ರೆ ಇನ್ನೇನು ಬರೀತಾಳೋ," ಎಂದು ಹಾಳೆಯನ್ನು ವಾಪಸು ತೆಗೆದುಕೊಂಡೆ. 'ನನ್ನ ತಂಗಿ' ಎಂದು ಬರೆಯುವಾಗ ಮಾತ್ರ ಪೆನ್ನು ಎರಡು ಸಲ ಎತ್ತಬೇಕಾಯಿತು.

ಮನೆಗೆ ಬಂದಾಗ ಅವಳು ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಮುಖ ನೋಡಿದ್ದೇ ತಿಳಿದುಹೋಯಿತು ಅವಳಿಗೆ.

"ಮನೆ ಖಾಲಿ ಮಾಡು ಅಂತೀಯಾ?"

"ಅನ್ನಲ್ಲ. ಇರು," ಎಂದೆ. "ನನ್ನ ಮಾತ್ರೆ ಡಬ್ಬಿ ಮೇಲಿದೆಯಲ್ಲ, ಅದನ್ನ ಕೊಟ್ಟುಬಿಡು. ಯಾವ ಹೊತ್ತಿಗೆ ಯಾವುದು ಅಂತ ನನಗೆ ನೆನಪಿದೆ."

ಅವಳು ಎದ್ದು ಹೋಗಿ ಡಬ್ಬಿ ತಂದಳು. ನನ್ನ ಕೈಗೆ ಕೊಡಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ಇಟ್ಟು ಮೇಲೆ ಹೋದಳು.